ರಾಮಚಂದ್ರಾಚಾರ್ರ ಕಿವಿ ರಜಾ ಹಾಕಿದ್ದು

ಬಾಬುರಾಯನಕೊಪ್ಪಲಿನ ಅಕ್ಕಸಾಲಿ ರಾಮಚಂದ್ರಾಚಾರ್ರಿಗೆ ದೇವರು ಕಣ್ಣು ಮೂಗು ನಾಲಿಗೆಯನ್ನೆಲ್ಲ ಊರಿನವರಿಗೆ ಕೊಟ್ಟಂತೆಯೇ ಕೊಟ್ಟಿದ್ದ. ಕಿವಿಯನ್ನು ಮಾತ್ರ ಪುರುಸೊತ್ತಾಗಿ ಕೂತು ಮಾಡಿದ್ದ ಎಂಬುದು ಅವರದೇ ಅಭಿಪ್ರಾಯ. ಹಳೇ ಬೆಳ್ಳಿ ರೂಪಾಯಿಯನ್ನು ಹೆಬ್ಬೆರಳಲ್ಲಿ ಚಿಮ್ಮಿ ಕಲ್ಲಿನ ಮೇಲೆ ಬೀಳಿಸಿ, ಅದರ ನಾದ ಕೇಳಿ ಅಸಲಿಯೋ ಖೋಟಾವೋ ಹೇಳಿಬಿಡುತ್ತಿದ್ದರು. ಅಂಚನ್ನು ಅರದಿಂದ ಉಜ್ಜಿ ನೋಡುವುದು ಕಿವಿಯಿಲ್ಲದವರ ಕೆಲಸವಂತೆ.

ಇಂಥ ಕಿವಿಗೆ ಮೊಬೈಲಿನ ಕೀಚಲು ಸದ್ದು ಒಗ್ಗೀತೇ? ಮಧ್ಯಾಹ್ನ ಹಾರ್ಮೋನಿಯಂ ಕೇಳಲೆಂದು ಮೈಸೂರಿನಿಂದ ಒಂದು ಹೆಡ್‌ಫೋನು, ಅದಕ್ಕೆ ಬಲ ಕೊಡುವ ಅಂಗೈಯಗಲದ ಆಂಪ್ಲಿಫೈಯರು ತಂದರು. ಡಬ್ಬಿಯಲ್ಲಿದ್ದ ಸೂಚನೆಯ ಹಾಳೆ ನುಣುಪಾಗಿತ್ತು. ಉದುರುವ ಬೆಳ್ಳಿ ಪುಡಿ ಹಿಡಿಯೋಕೆ ಚೆನ್ನಾಗಿದೆಯೆಂದು ಅದನ್ನು ಕೆಲಸದ ಮಣೆ ಮೇಲೆ ಹಾಸಿಕೊಂಡರು.

ಪಾಂಡವಪುರದಲ್ಲಿ ಟೀಚರಾಗಿದ್ದು ರಜೆಗೆ ಮನೆಗೆ ಬಂದಿದ್ದ ಮಗಳು ದೀಪಶ್ರೀ ಆ ಹಾಳೆಯ ಪುಡಿ ಕೊಡವಿ ಓದಿದಳು. "ಅಪ್ಪ, ಮೊದ್ಲು ಸದ್ದಿನ ತಿರುಗಣೆ ಸೊನ್ನೆಗೆ ತರ್ಬೇಕಂತೆ. ಆಮೇಲೆ ಪಿನ್ನು, ಆಮೇಲೆ ಸ್ವಿಚ್ಚು. ಕಿವಿಗೆ ಆಕ್ಕೊಳ್ಳೋದು ಎಲ್ಲಾದ್ಕೂ ಕೊನೇಗೆ."

"ಅಗ್ಗಿಷ್ಟಿಕೆ ಊದ್ದೋನ್ಗೆ ಸ್ವಿಚ್ಚು ಒತ್ತೋದು ಏಳ್ಕೊಡ್ಬೇಡ ಕಣವ್ವ" ಎಂದರು ಆಚಾರ್ರು.

ತೊಂದರೆಯಾದದ್ದೇ ಅಗ್ಗಿಷ್ಟಿಕೆಯಿಂದ. ಇದ್ದಿಲಿನ ಕೆಲಸದಲ್ಲಿ ಮೊದಲು ಊದುಗೊಳವೆಯಲ್ಲಿ ಎದೆತುಂಬ ಊದಬೇಕು. ಇದ್ದಿಲು ಕೆಂಪಗಾದ ಮೇಲೆ ಉಸಿರು ತಗ್ಗಿಸಿಕೊಂಡು ಹದಕ್ಕೆ ತರಬೇಕು. ಅಪ್ಪ ಕಲಿಸಿದ ಪಾಠ, ನಲವತ್ತು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಯಂತ್ರವೂ ಹಾಗೇ ಮೊದಲು ಬಿಸಿಯೇರಬೇಕಲ್ಲ ಎಂದುಕೊಂಡ ಆಚಾರ್ರು ಮೊಬೈಲಿನಲ್ಲಿ ಹಾರ್ಮೋನಿಯಂ ಹಚ್ಚಿ, ಹೆಡ್‌ಫೋನು ಏರಿಸಿಕೊಂಡು, ಸ್ವಿಚ್ಚು ಒತ್ತಿ, ತಿರುಗಣೆಯನ್ನು ಕೊನೆಮುಟ್ಟ ತಿರುಗಿಸಿ ಕೂತರು. ಸದ್ದೇ ಇಲ್ಲ. ನೋಡಿದರೆ ಪಿನ್ನು ಅರ್ಧವೇ ಕೂತಿದೆ. ಹೆಬ್ಬೆರಳಲ್ಲಿ ಒತ್ತಿದರು.

ಹಾರ್ಮೋನಿಯಂ ತಲೆಯೊಳಗೇ ಬಂದು ಬಿತ್ತು. ಹೆಡ್‌ಫೋನು ಕಿತ್ತೆಸೆದಾಗ ಹೆಂಡತಿ ವೆಂಕಟಮ್ಮ ಎದುರಿಗೆ ನಿಂತು ಏನೋ ಕೇಳುತ್ತಿದ್ದರು. ಬಾಯಿ ಮಾತ್ರ ಆಡುತ್ತಿತ್ತು. ಎರಡು ಕಿವಿಯಲ್ಲೂ ಒಂದೇ ಸಮ ಜೀರುಂಡೆ.

ಮಂಡ್ಯದ ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟರು. ಎರಡು ಮೂರು ವಾರ ಗದ್ದಲದಿಂದ ದೂರವಿರಬೇಕು. ಕಿವಿ ಪೂರ್ತಿ ವಾಪಸು ಬರುತ್ತದೆಂದು ಈಗಲೇ ಹೇಳಲಾಗದು ಎಂದರು. ಆಚಾರ್ರು ಊರಿಗೆ ಬಂದು ಯಾರಿಗೂ ಬಾಯಿ ಬಿಡಲಿಲ್ಲ. ಕಿವಿ ಹೋದ ಸುದ್ದಿ ಹೊರಗೆ ಹೋದರೆ ಹೆಸರೂ ಹೋಯಿತಲ್ಲ. ಗಟ್ಟಿಯಾಗಿ ಆಡಿದ ಮಾತಷ್ಟೇ ಹೇಗೋ ಕಿವಿಗೆ ಬೀಳುತ್ತಿತ್ತು.

ಐದನೇ ದಿನ ಸಂತೆಬಾಚಹಳ್ಳಿಯ ದೊಡ್ಡ ದನಿಯ ಕೆಂಪಣ್ಣ ಎರಡು ಬಸ್ಸು ಬದಲಾಯಿಸಿ ಬಂದ. ತೀರಿಹೋದ ತಾಯಿ ರಾಗಿ ಮಡಕೆಯಲ್ಲಿ ಕಾಪಾಡಿದ್ದ ಮೂರು ಬೆಳ್ಳಿ ರೂಪಾಯಿ ಕರಗಿಸಿ ತನ್ನ ಮೊಮ್ಮಗಳು ಚಿನ್ನುಗೆ ಕಾಲ್ಗೆಜ್ಜೆ ಮಾಡಿಸಬೇಕು.

"ಒಂದ್ಸಲ ಬಾರ್ಸಿ ನೋಡ್ಬುಡಿ ಆಚಾರ್ರೇ. ಕೂಸಿನ್ ಕಾಲ್ಗೆ ಖೋಟಾ ಬೆಳ್ಳಿ ಇಕ್ಕುದ್ರೆ ನಮ್ಮವ್ವ ಕನಸಲ್ಲಿ ಬಂದು ಬಯ್ತಾಳೆ."

ಆಚಾರ್ರು ಒಂದೊಂದಾಗಿ ಚಿಮ್ಮಿದರು. ರೂಪಾಯಿ ಕಲ್ಲಿಗೆ ಬಿದ್ದು ಹೊರಳುವುದು ಕಂಡಿತು. ಕೇಳಿದ್ದು ಜೀರುಂಡೆ. ಮತ್ತೆ ಚಿಮ್ಮಿದರು. ಗಡ್ಡ ಕೆರೆದುಕೊಂಡರು.

ಒಳಗಿಂದ ವೆಂಕಟಮ್ಮ ಸೌಟು ಹಿಡಿದೇ ಬಂದು, ಗಂಡನ ಕಿವಿಗೂ ಬೀಳಲೆಂದು ಗಟ್ಟಿಯಾಗಿ ಹೇಳಿದರು: "ನಡುವಿಂದು ಸರಿಯಿಲ್ಲ. ಸದ್ದು ಬೇಗ ಸತ್ತೋಯ್ತು."

ಆ ಕಲ್ಲಿಗೂ ವೆಂಕಟಮ್ಮನವರ ಒಲೆಗೂ ನಡುವೆ ಇದ್ದದ್ದು ಒಂದು ಗೋಡೆ, ಅದೂ ಅರ್ಧ. ಮೂವತ್ತು ವರ್ಷ ಬಿದ್ದ ರೂಪಾಯಿಗಳೆಲ್ಲ ಅವರ ಕಿವಿಗೂ ಬಿದ್ದಿದ್ದವು. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೆ.

ಕೆಂಪಣ್ಣ ನಕ್ಕ. "ಅಕ್ಕಾವ್ರು ಏಳಿದ್ರು, ಸರಿ. ನೀವೇನಂತೀರಿ? ನಿಮ್ ಬಾಯಲ್ ಬಂದ್ರೆ ಮುಗೀತು."

ಹೂಂ ಎಂದಿದ್ದರೆ ಸಾಕಿತ್ತು. ಆಚಾರ್ರ ನಾಲಿಗೆ ತುದಿಗೆ ಅದು ಬಂದೂ ಇತ್ತು. ಆದರೆ ಕೂಸಿನ ಕಾಲಿಗೆ ಹೋಗುವ ಬೆಳ್ಳಿ. ಕೇಳದ ಸದ್ದಿಗೆ ಸಾಕ್ಷಿ ಹೇಳಲು ನಾಲಿಗೆ ಒಪ್ಪಲಿಲ್ಲ.

"ನಂಗೆ ಕೇಳಿಸ್ನಿಲ್ಲ ಕೆಂಪಣ್ಣ" ಎಂದು ಹೆಡ್‌ಫೋನಿನ ಕತೆಯನ್ನೆಲ್ಲ ಹೇಳಿದರು. ಅರ ತೆಗೆದು ನಡುವಿನ ರೂಪಾಯಿಯ ಅಂಚಿಗೆ ಎರಡು ಸಲ ಉಜ್ಜಿದರು. ತಾಮ್ರ ಕೆಂಪಗೆ ಇಣುಕಿತು.

"ಇಷ್ಟಕ್ಕ್ಯಾಕೆ ಮಕ ಇಂಗ್ ಮಾಡ್ಕಂಡಿದ್ದೀರಿ?" ಎಂದ ಕೆಂಪಣ್ಣ. "ಟ್ರಾಕ್ಟರು ಓಡ್ಸಿ ಓಡ್ಸಿ ನಂದು ಅರ್ಧ ಕಿವಿನೇ. ಮನೇಲಿ ಬಯ್ಯೋದು ಅರ್ಧ ಕಮ್ಮಿ ಆಗೈತೆ, ಅದೇ ಲಾಭ. ಇರೋ ಎರಡ್ರಲ್ಲೇ ಗೆಜ್ಜೆ ಮಾಡ್ಬುಡಿ."

ಮೂರನೇ ವಾರಕ್ಕೆ ಬಲಗಿವಿ ಪೂರ್ತಿ ಬಂತು, ಎಡಗಿವಿ ಮುಕ್ಕಾಲು. ಆಚಾರ್ರು ಹಾರ್ಮೋನಿಯಂ ಬಿಟ್ಟಿಲ್ಲ. ತಿರುಗಣೆಯನ್ನು ಸೊನ್ನೆಯಿಂದ ಒಂದೊಂದೇ ಕೂದಲೆಳೆ ಮೇಲಕ್ಕೆ ತರುತ್ತಾರೆ. ಅಡುಗೆಮನೆಯ ಒಗ್ಗರಣೆ ಸದ್ದು ಕೇಳದಂತಾದರೆ ಜಾಸ್ತಿಯಾಯಿತೆಂದು ಲೆಕ್ಕ. ಅರ್ಧ ಗಂಟೆಗೆ ತೆಗೆದಿಡುತ್ತಾರೆ.

ರೂಪಾಯಿ ತರುವವರು ಈಗಲೂ ಬರುತ್ತಾರೆ. ಆಚಾರ್ರು ಚಿಮ್ಮುತ್ತಾರೆ, ಆಮೇಲೆ ಅಡುಗೆಮನೆ ಕಡೆಯಿಂದ ಏನಾದರೂ ಬರುತ್ತದೋ ಎಂದು ಒಂದು ಗಳಿಗೆ ಕಣ್ಣು ಮುಚ್ಚಿ ಕಾಯುತ್ತಾರೆ. ಗಿರಾಕಿಗಳು ಅದನ್ನು ಧ್ಯಾನವೆಂದು ತಿಳಿದು ಕೈಕಟ್ಟಿ ನಿಲ್ಲುತ್ತಾರೆ.