ಮಂಗಳ ಹಾಡದ ಮಂಗಳಗೌರಿ

ಮಹಾರಾಜರ ಕಾಲ, ಸಾವಿರದ ಒಂಬೈನೂರ ಹತ್ತರ ಆಸುಪಾಸು. ನಂಜನಗೂಡಿನ ದಿನಸಿ ವ್ಯಾಪಾರಿ ರಾಚಯ್ಯನ ಮನೆಗೆ ಸೊಸೆಯಾಗಿ ಬಂದ ಮಂಗಳಗೌರಿಗೆ ಓದುವ ಹುಚ್ಚು. ತಿರುಮಕೂಡಲು ನರಸೀಪುರದಲ್ಲಿ ಅವಳಪ್ಪ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವನು; ಮಗಳನ್ನೂ ಬಿಡದೆ ತಿದ್ದಿಸಿದ್ದ. ಗಂಡನ ಮನೆಯಲ್ಲೋ, ಮೂಟೆಗಳ ಮೇಲಿನ ಗುರುತು ಬಿಟ್ಟರೆ ಓದಲು ಒಂದಕ್ಷರವಿಲ್ಲ. ಪಾಪ, ಹುಡುಗಿ ಸೊರಗಿದಳು.

ಮೈಸೂರಿನಲ್ಲಿದ್ದ ತಮ್ಮ ಒಮ್ಮೆ ರೈಲಿನಲ್ಲಿ ಬಂದು ಎರಡು ಪ್ರೇಮದ ಕಾದಂಬರಿ ಕೊಟ್ಟುಹೋದ. ಅಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಿದ್ದರಂತೆ. ಒಬ್ಬಳೇ ಓದಿ ಸುಖಪಡುವ ಜಾಯಮಾನ ಇವಳದಲ್ಲ. ಮಧ್ಯಾಹ್ನ ಮಾವ ಅಂಗಡಿಗೆ ಹೋದಮೇಲೆ ನೆರೆಯ ಹೆಂಗಸರನ್ನು ನಡುಮನೆಗೆ ಕರೆದಳು. ಗಟ್ಟಿಯಾಗಿ ಓದುವುದೆಂದರೆ ಪುರಾಣ ಓದುವುದು ಎಂದಷ್ಟೇ ಅವಳಿಗೆ ಗೊತ್ತು. ಅದೇ ಕ್ರಮದಲ್ಲಿ ದೀಪ ಹಚ್ಚಿ, ನಂಜುಂಡೇಶ್ವರನನ್ನು ನೆನೆದು, ಪುಸ್ತಕಕ್ಕೆ ಹೂವೇರಿಸಿ ಕಾದಂಬರಿ ಶುರುಮಾಡಿದಳು. ತಪ್ಪೋ ಜಾಣತನವೋ, ನೀವೇ ಹೇಳಿ.

ಕತೆಯೇನು ಸಾಮಾನ್ಯದ್ದೇ? ಹೊಳೆಯಾಚೆಯ ಹುಡುಗನನ್ನು ಮೆಚ್ಚಿದ ಹುಡುಗಿ, ಅವಳನ್ನು ಮುದುಕನಿಗೆ ಕೊಡಲು ಹೊರಟ ಅಪ್ಪ. ಹತ್ತಿರದ ಕಳಲೆ ಊರಿನಿಂದಲೂ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬಂದರು. ಪಕ್ಕದ ಮನೆಯ ಮುದುಕಿ ಪುಟ್ಟಬಸಮ್ಮನಂತೂ ಕಾದಂಬರಿ ಬರೆದವನನ್ನು ದಿನವೂ ಹರಸುವಳು.

"ಯಾವ ತಾಯಿ ಹೆತ್ತ ಮಗನೋ. ಹೆಂಗಸ್ರ ಹೊಟ್ಟೇಲಿರೋದೆಲ್ಲ ಗೊತ್ತು ಅವನಿಗೆ. ತಣ್ಣಗಿರ್ಲಿ."

ಒಂದು ದಿನ ರಾಚಯ್ಯ ಬೇಗ ಬಂದ. ಬಾಗಿಲಲ್ಲೇ ನಿಂತು ಕೇಳಿದ. ಮುಖ ಕೆಂಪಾಯಿತು.

"ಇದ್ಯಾವ ಪುರಾಣ ಕಣವ್ವ? ಹುಡುಗ ಹುಡುಗೀರ ಕತೆ ನನ್ನ ಮನೇಲಿ ಬ್ಯಾಡ. ಇವತ್ತಿಗೆ ನಿಲ್ಸು."

ಮಂಗಳಗೌರಿ ಪುಸ್ತಕವನ್ನು ಎದೆಗೊತ್ತಿಕೊಂಡಳು. ಇದೂ ಹೋದರೆ ಮತ್ತೆ ಆ ಮೂಟೆಯ ಗುರುತುಗಳೇ ಗತಿ. ಅವಳು ಬಾಯಿ ತೆರೆಯುವ ಮೊದಲೇ ಪುಟ್ಟಬಸಮ್ಮ ಸೆರಗು ಸರಿಮಾಡಿಕೊಂಡಳು.

"ನಿಲ್ಸೋದಾದ್ರೆ ನಿಲ್ಸಪ್ಪ ರಾಚಯ್ಯ. ದೀಪ ಹಚ್ಚಿ, ನಂಜುಂಡನ್ನ ನೆನ್ಕೊಂಡು ಸುರು ಮಾಡಿರೋದು. ಮಂಗಳ ಹಾಡ್ದೆ ನಡುವ್ಲೇ ಮುಚ್ಚಿದ್ರೆ ಮನೆಗೆ ಒಳ್ಳೇದಾದದಾ? ನೀನೇ ಹೇಳು."

ರಾಚಯ್ಯ ತಬ್ಬಿಬ್ಬಾದ. ಪ್ರತಿ ಶ್ರಾವಣದಲ್ಲಿ ಶರಣರ ಪುರಾಣ ಓದಿಸುವ ಮನುಷ್ಯ. ಅರ್ಧಕ್ಕೆ ನಿಲ್ಲಿಸಿದರೆ ಮನೆಗೆ ಕೇಡೆಂದು ಊರಿಗೆಲ್ಲ ಹೇಳಿದವನೇ ಅವನು.

"ಆಯ್ತು, ಮುಗಿಸ್ಕಳಿ. ಮಂಗಳ ಹಾಡಿದ್ಮೇಲೆ ಇಲ್ಲಿ ಒಂದಕ್ಷರ ಓದಕೂಡ್ದು. ನಾನೇ ಕೂತು ನೋಡ್ಕತೀನಿ."

ಮರುದಿನದಿಂದ ಅಂಗಡಿಯನ್ನು ಮಗನಿಗೆ ಬಿಟ್ಟು, ಬಾಗಿಲ ಬಳಿ ಅತ್ತ ಮುಖ ಮಾಡಿ ಕುಳಿತ. ಮೊದಮೊದಲು ಗೊಣಗಿದ. ಆಮೇಲೆ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೂ ಮರೆತ. ಊಟಕ್ಕೆ ಬಡಿಸುತ್ತಿದ್ದ ಸೊಸೆಯನ್ನು ತಲೆ ಎತ್ತದೆ ಕೇಳಿದ:

"ಆ ಹುಡುಗಿ ಹೊಳೆ ದಾಟ್ತಾಳಾ?"

"ನಾಳೆ ಓದ್ತೀನಿ ಮಾವ," ಎಂದಳು. ಗೊತ್ತಿದ್ದೂ ಹೇಳಲಿಲ್ಲ, ಕಿಲಾಡಿ.

ಕಡೆಯ ದಿನ ಬಂತು. ಹುಡುಗಿ ಹೊಳೆ ದಾಟಿದಳು, ಮೆಚ್ಚಿದವನನ್ನೇ ಮದುವೆಯಾದಳು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ರಾಚಯ್ಯ ಮೂಗೊರೆಸಿಕೊಂಡು ಆರತಿ ತಟ್ಟೆ ಎತ್ತಿದ.

"ಸರಿ, ಮಂಗಳ ಹಾಡಿ."

ಮಂಗಳಗೌರಿ ಪುಸ್ತಕ ಮುಚ್ಚಿದಳು. ಮುಚ್ಚಿದ ಕೈಯಲ್ಲೇ ಮಡಿಲಲ್ಲಿದ್ದ ಎರಡನೆಯದನ್ನು ಬಿಚ್ಚಿ ಮೊದಲ ಸಾಲು ಓದಿಯೇಬಿಟ್ಟಳು: "ಆ ಸಂಜೆ ಚಂದ್ರಿಕೆ ಯಾರಿಗೂ ಹೇಳದೆ ಮನೆಬಿಟ್ಟು ಹೊರಟಳು."

ದೀಪ ಇನ್ನೂ ಉರಿಯುತ್ತಿತ್ತು. ಇದೂ ಶುರುವಾದ ಹಾಗೇ ಆಯಿತು, ನಡುವೆ ನಿಲ್ಲಿಸುವಂತಿಲ್ಲ. ರಾಚಯ್ಯ ಸೊಸೆಯನ್ನು ನೋಡಿದ, ದೀಪವನ್ನು ನೋಡಿದ. ತಟ್ಟೆ ಕೆಳಗಿಟ್ಟು, ಈ ಸಲ ಇತ್ತ ಮುಖ ಮಾಡಿ ಕುಳಿತ.

"ಯಾಕೆ ಹೊರಟ್ಲಂತೆ?" ಎಂದ.

ಮಂಗಳಗೌರಿಯ ತಲೆ ನರೆತರೂ ಆ ನಡುಮನೆಯಲ್ಲಿ ಮಂಗಳ ಹಾಡಲಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಅವಳ ಮಡಿಲಲ್ಲಿರುತ್ತಿತ್ತು. ತಾನು ಬದುಕಿರುವವರೆಗೂ ಆ ಪುಸ್ತಕಗಳನ್ನು ಮೈಸೂರಿನಿಂದ ತರಿಸಿಕೊಟ್ಟವನು ರಾಚಯ್ಯನೇ.