ಬೆಲ್ಟ್ ಹಾಡಿಗೆ ಐಡಿಯಾ ಕೊಟ್ಟವರು ಯಾರು?

ಹದಿನೆಂಟು ನಿಮಿಷದ ಒಂದು ಹಾಡು ನನ್ನಿಂದಾಗಿ ಹುಟ್ಟಿತು. ಕಳೆದ ಭಾನುವಾರದವರೆಗೆ ಮೂಡಿಗೆರೆಯಲ್ಲಿ ಕೈಗೆ ಸಿಕ್ಕವರಿಗೆಲ್ಲ ಹೀಗೇ ಹೇಳಿದ್ದೇನೆ. ಕ್ಷೌರದಂಗಡಿಯಲ್ಲಂತೂ ಎರಡು ಸಲ.

ಹಾಡು ನಮ್ಮ ಕಡೆಯ 'ಒದ್ದೆ ಪಾರ್ಚ್‌ಮೆಂಟ್' ಬ್ಯಾಂಡಿನದು. (ಸಿಪ್ಪೆ ಸುಲಿದ ಕಾಫಿ ಬೀಜಕ್ಕೆ ನಮ್ಮಲ್ಲಿ ಪಾರ್ಚ್‌ಮೆಂಟ್ ಎನ್ನುತ್ತೇವೆ.) ಹಾಡುವವಳು ಕಳಸದ ಟೀಚರ್ ಚೈತ್ರಾ. ಡ್ರಮ್ಸ್ ರಿಯಾಜ್; ಗ್ಯಾರೇಜ್ ಇಟ್ಟಿದ್ದಾನೆ, ನನ್ನ ಕಾಫಿ ತೋಟದ ಪಲ್ಪರ್ ಯಂತ್ರ ಕೆಟ್ಟರೂ ಅವನೇ ಬರಬೇಕು. ನುಡಿಸುವುದು ಪ್ರೊಗ್ರೆಸಿವ್ ರಾಕ್. ಹಾಗೆಂದರೆ? ತಾಳ ನಾಲ್ಕಕ್ಕೆ ಮುಗಿಯುತ್ತದೆಂದು ನಾವು ಕಾಲು ಕುಣಿಸುತ್ತೇವೆ. ಅದು ಏಳಕ್ಕೆ ಮುಗಿದು ಕಾಲನ್ನು ನಡುದಾರಿಯಲ್ಲಿ ಬಿಡುತ್ತದೆ. ಯಾವ ಕಂಪನಿಯ ಹಂಗೂ ಇಲ್ಲದೆ ಇದೀಗ ಮೊದಲ ಆಲ್ಬಮ್ ಮಾಡಿದ್ದಾರೆ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನನ್ನ ಹಳೆಯ ಪಲ್ಪರ್‌ನ ಬೆಲ್ಟ್ ಜಾಯಿಂಟ್ ಸವೆದು, ಏಳು ಸುತ್ತಿಗೊಮ್ಮೆ 'ಡಕ್' ಎನ್ನುತ್ತಿತ್ತು. ರಿಪೇರಿಗೆ ಬಂದ ರಿಯಾಜ್ ಸ್ಪ್ಯಾನರ್ ಹಿಡಿದು ಬಗ್ಗಿದ. "ಮುಟ್ಟಬೇಡ ಮಾರಾಯ, ಇದೇ ನಿನ್ನ ತಾಳ" ಎಂದು ತಡೆದವನು ನಾನು. ಆಗ ಕೈಗೆ ಅಂಟಿದ ಗ್ರೀಸ್ ಕೂಡ ನೆನಪಿದೆ. ಇನ್ನೇನು ಸಾಕ್ಷಿ ಬೇಕು?

ಭಾನುವಾರ ಮಧ್ಯಾಹ್ನ, ಕಾಫಿ ಒಣಗಿಸುವ ನಮ್ಮ ಕಣದಲ್ಲೇ ಆಲ್ಬಮ್ ಬಿಡುಗಡೆ. ಇಸ್ತ್ರಿ ಶರ್ಟ್ ಹಾಕಿ ಮುಂದಿನ ಕುರ್ಚಿಯಲ್ಲಿ ಕೂತೆ. (ಪಕ್ಕದ ಕುರ್ಚಿಗೆ ಕ್ಷೌರದಂಗಡಿಯವನನ್ನೂ ಕರೆದಿದ್ದೆ.) ನನ್ನ ಹೆಸರು ಹುಡುಕುತ್ತ ಸಿ.ಡಿ. ಕವರ್ ತಿರುಗಿಸಿದೆ. 'ಬೆಲ್ಟ್. ಮೂಲ ಐಡಿಯಾ: ಲಕ್ಷ್ಮಕ್ಕ.'

ಪಲ್ಪರ್‌ಗೆ ಹಣ್ಣು ಸುರಿಯುವ ನಮ್ಮ ಲಕ್ಷ್ಮಕ್ಕನಾ?

"ರಿಯಾಜ್, ಐಡಿಯಾ ಕೊಟ್ಟಿದ್ದು ನಾನಲ್ವಾ?"

"ನೀವಲ್ಲ ಸರ್."

"ಸರಿಯಾಗಿ ನೆನಪು ಮಾಡ್ಕೊ ಮಾರಾಯ."

"ನೆನಪು ಯಾಕೆ ಸರ್? ಹಾಡು ಶುರುವಾಗ್ಲಿ, ಕೇಳಿ."

ಮನುಷ್ಯನ ನೆನಪನ್ನು ನಂಬಬೇಡಿ ಎಂದು ಯೂನಿವರ್ಸಿಟಿಯಲ್ಲಿ ಓದಿದ್ದನ್ನೇ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ? (ನಿಮ್ಮ ನೆನಪಿನ ಬಗ್ಗೆ ಬರೆದಿದ್ದೆ. ನನ್ನದರ ಬಗ್ಗೆ ಅಲ್ಲ.)

ಹಾಡು ಶುರುವಾಯಿತು. ಡಕ್. ಮತ್ತೆ ಡಕ್. ಆಮೇಲೆ ಆಳೆತ್ತರದ ಎರಡು ಸ್ಪೀಕರ್‌ಗಳಿಂದ ಒಬ್ಬ ಗಂಡಸು ಕಿರುಚಿದ: "ಏ ರಿಯಾಜ್, ಈ ದರಿದ್ರ ಸದ್ದು ಮೊದ್ಲು ನಿಲ್ಸೋ! ತಲೆ ಚಿಟ್ಟು ಹಿಡೀತು!"

ಧ್ವನಿ ನನ್ನದು.

ಬೆನ್ನಿಗೇ ಲಕ್ಷ್ಮಕ್ಕನದು: "ಇರ್ಲಿ ಬಿಡಿ ಅಯ್ಯಾ. ಎಷ್ಟ್ ಚೆಂದ ತಾಳ ಹಾಕ್ತದೆ! ನನ್ನ ಕೈ ಓಡೋದೇ ಅದ್ರ ಮೇಲೆ."

ಆ ತಾಳವನ್ನು ಹಿಡಿದು ಡ್ರಮ್ಸ್ ಎದ್ದಿತು. ಕಣದಲ್ಲಿ ನಗು ಅದಕ್ಕಿಂತ ಮೊದಲೇ ಎದ್ದಿತ್ತು. ಎಲ್ಲರಿಗಿಂತ ಜೋರು ಕ್ಷೌರದಂಗಡಿಯವನದು.

ಕೆಟ್ಟಿದ್ದು ಎಲ್ಲಿ ಎಂದು ಆಮೇಲೆ ಕೇಳಿ ನೋಡಲು ರಿಯಾಜ್ ಅವತ್ತು ಬೆಲ್ಟ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದನಂತೆ.

"ಹಾಗಾದ್ರೆ ನನ್ನ ಕೈಗೆ ಗ್ರೀಸ್ ಹೇಗಂಟಿತು?" ಕೊನೆಯ ಹುಲ್ಲುಕಡ್ಡಿ ಹಿಡಿದು ಕೇಳಿದೆ.

"ನನ್ ಸ್ಪ್ಯಾನರ್ ಕಿತ್ಕೊಂಡು ನೀವೇ ರಿಪೇರಿಗೆ ಇಳಿದ್ರಲ್ಲ ಸರ್! ಲಕ್ಷ್ಮಕ್ಕ ಬೈದ್ಮೇಲೆ ಬಿಟ್ರಿ."

ಹಿಂದಿನ ಸಾಲಿನಿಂದ ಲಕ್ಷ್ಮಕ್ಕ ಸಮಾಧಾನ ಹೇಳಿದಳು: "ಅಯ್ಯಾರ ಧ್ವನಿ ಮಾತ್ರ ಭಾರಿ ಚೆನ್ನಾಗಿ ಬಂದಿದೆ."

ಕವರ್‌ನ ಕೊನೆಯ ಸಾಲು ಆಗ ಕಣ್ಣಿಗೆ ಬಿತ್ತು. 'ಅಡ್ಡಿ: ತೋಟದ ಮಾಲೀಕರು.'

ಇಷ್ಟು ವರ್ಷ ಈ ಅಂಕಣದಲ್ಲಿ 'ನಾನು ಆಗಲೇ ಹೇಳಿದ್ದೆ' ಎಂದು ಬರೆದುದೆಲ್ಲ ಅಪ್ಪಟ ಸತ್ಯ. ಪುಣ್ಯಕ್ಕೆ, ಅಲ್ಲೆಲ್ಲೂ ರಿಯಾಜನ ಫೋನ್ ಇರಲಿಲ್ಲ.