ಜನರಿಲ್ಲದ ದಡ

ಗೋವೆಯ ಕಡಲತೀರದ ಗದ್ದಲಕ್ಕೆ ಬೇಸತ್ತು ಬಂದ ಮೇಲೆ, ಜನರಿಲ್ಲದ ದಡವೊಂದನ್ನು ನಮ್ಮ ಸೀಮೆಯಲ್ಲಿಯೇ ಹುಡುಕಬೇಕೆಂದು ನಿಶ್ಚಯಿಸಿದ್ದೆ. ಅದು ಗಲಗಲಿಯ ಆಚೆ, ಕೃಷ್ಣೆಯ ಹಿನ್ನೀರಿನ ಅಂಚಿನಲ್ಲಿ ದೊರೆಯಿತು. ಬೇಸಿಗೆಯಲ್ಲಿ ನೀರು ಸರಿದು ಮರಳು ತೆರೆದುಕೊಂಡಿತ್ತು. ಹಕ್ಕಿಯ ದನಿಯೂ ಇರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ಬಹುದೂರ ನಡೆದೆ.

"ಅಕ್ಕಾರ, ಅಲ್ಲೇ ನಿಲ್ರಿ! ಮುಂದ ಬಾವಿ ಐತಿ!"

ದಡದಲ್ಲಿ ನನ್ನ ವಯಸ್ಸಿನ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಎಲ್ಲಿಂದ ಬಂದಳೋ ತಿಳಿಯಲಿಲ್ಲ.

"ಹೊಳಿಯೊಳಗ ಎಲ್ಲೀ ಬಾವಿ?" ಎಂದೆ, ತುಸು ಬಿಗುವಾಗಿಯೇ.

"ಹೊಳಿ ಆಮ್ಯಾಲೆ ಬಂದದ್ದರಿ. ಊರು ಮುಳುಗಿದ್ರ ಬಾವಿ ಎಲ್ಲಿ ಹೋಗ್ತೈತಿ?"

ಕಾಲು ಕೀಳಲು ಧೈರ್ಯವಾಗಲಿಲ್ಲ. ಅವಳೇ ದಾರಿ ಹೇಳಿದಳು. "ಎಡಕ್ಕ ಬರ್ರಿ. ಕಲ್ಲು ಹತ್ತಿತಿಲ್ಲೋ? ಅದು ನಮ್ಮ ಮನಿ ಕಟ್ಟಿ. ಹೊಸ್ತಿಲಾ ಮಾತ್ರ ತುಳೀಬ್ಯಾಡ್ರಿ, ದಾಟಿ ಬರ್ರಿ."

ಪಾಚಿಗಟ್ಟಿದ ಹೊಸ್ತಿಲು ನಿಜಕ್ಕೂ ಬೆರಳಿಗೆ ತಾಗಿತು. ಅದರಾಚೆಯ ನೀರು ಮನೆಯೊಳಗಿನ ನೆಲದಂತೆ ತಣ್ಣಗಿತ್ತು.

"ಈಗ ಒಳಗ ಬಂದ್ರಿ. ನೆಟ್ಟಗ ಹಿತ್ತಲಕ ಬರ್ರಿ."

ಅವಳು ನಿಂತಿದ್ದುದೇ ಆ ಹಿತ್ತಲು. ನಾನು ದಡ ಸೇರುತ್ತಲೇ ಸೆರಗಿನ ಗಂಟು ಬಿಚ್ಚಿ ಕುಂಕುಮ ತೆಗೆದಳು.

"ನೀರು ಇಳದಾಗೊಮ್ಮಿ ಹೊಸ್ತಿಲಾ ಪೂಜಿ ಮಾಡಾಕ ಬರ್ತೀನ್ರಿ. ಮನಿಗಿ ಬಂದವರನ್ನ ಹಂಗ ಕಳಸಬಾರದು, ಹಣಿ ಮುಂದ ಮಾಡ್ರಿ."

ಹಚ್ಚಿಸಿಕೊಂಡೆ. ಅವಳು ನನ್ನ ಬೆನ್ನ ಹಿಂದಿನ ಬರಿ ನೀರಿನತ್ತ ನೋಡಿ ನಕ್ಕಳು.

"ಬಾಜೂಮನಿ ಮಂದಿ ನೋಡಾಕತ್ತಾರ, ಯಾರು ಬಂದಾರಂತ."

ನಾನು ತಿರುಗಿ ನೋಡಲಿಲ್ಲ.

ಜನರಿಲ್ಲದ ದಡ ಎಲ್ಲಿದೆಯೆಂದು ಗೆಳತಿಯರು ಈಗಲೂ ಕೇಳುತ್ತಾರೆ. ನಾನಿನ್ನೂ ಕಂಡಿಲ್ಲ ಎನ್ನುತ್ತೇನೆ.